ಬೆಳಗಿನ ಆರೂವರೆಯ ತಂಪು

ಅವರನ್ನು ನಾನು ಮೊದಲು ನೋಡಿದ್ದು ಒಂದು ಬೆಳಗಿನ ಆರೂವರೆಗೆ, ಬಾಡಿಗೆ ಮನೆ ಹುಡುಕುತ್ತಿದ್ದಾಗ. ಮನೆ ತೋರಿಸುವ ಬ್ರೋಕರ್ ಅವರು; ಕಟ್ಟಡದ ಬಾಗಿಲಲ್ಲಿ ಬೀಗದ ಕೈ ಗೊಂಚಲು ತಿರುಗಿಸುತ್ತಾ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಒದ್ದೆ ಪಾದ.

"ಹತ್ತಕ್ಕೆ ಬರ್ತೀವಿ ಅಂದಿದ್ವಲ್ಲ, ಇಷ್ಟು ಬೇಗ ಯಾಕೆ ಕರೆಸಿದ್ರಿ?" ಎಂದು ನನ್ನ ಹೆಂಡತಿ ಕೇಳಿದಳು.

"ಹತ್ತಕ್ಕೆ ಬೇರೆಯವರು ಅಡ್ವಾನ್ಸ್ ಹಿಡ್ಕೊಂಡೇ ಬರ್ತಾರೆ ತಂಗಿ. ಕೈಕೂಸು ಇದೆ ಅಂದ್ರಿ, ಅದಕ್ಕೇ ನಿಮಗೆ ಮೊದಲು."

ಮನೆ ಇದ್ದದ್ದು ಮೇಲಿನ ಅಂತಸ್ತಿನಲ್ಲಿ. "ಗೋಡೆ ಮುಟ್ಟಿ ನೋಡಿ ಸರ್" ಎಂದರು. ಮುಟ್ಟಿದೆ. ಮಡಕೆಯ ಹಾಗೆ ತಣ್ಣಗಿತ್ತು. "ಇಲ್ಲಿ ಫ್ಯಾನ್ ಹಾಕಿದ್ರೆ ನೆಗಡಿ ಗ್ಯಾರಂಟಿ." ನಾವು ಮನೆಯೆಲ್ಲ ಸುತ್ತಿ ಬರುವವರೆಗೂ ಅವರು ಪಶ್ಚಿಮದ ಕಿಟಕಿಗೆ ಬೆನ್ನು ಕೊಟ್ಟು ನಿಂತೇ ಇದ್ದರು. ಹೆಂಚಿನ ಮನೆಯಲ್ಲಿ ಬೆಳೆದ ನನಗೆ ತಾರಸಿಯ ಬುದ್ಧಿ ಎಲ್ಲಿ ಗೊತ್ತು? ಸಹಿ ಹಾಕಿದೆ.

ಬೇಸಿಗೆ ಬಂತು. ಹಗಲೆಲ್ಲ ಬಿಸಿಲು ಕುಡಿದ ತಾರಸಿ ಸಂಜೆಯಾದ ಮೇಲೆ ಅದನ್ನು ನಮ್ಮ ನೆತ್ತಿಯ ಮೇಲೆ ಸುರಿಯತೊಡಗಿತು. ಮಗುವಿನ ಮೈತುಂಬ ಬೆವರುಸಾಲೆ. ಒದ್ದೆ ಪಾದದ ಗುಟ್ಟನ್ನು ಕೆಳಗಿನ ಮನೆಯ ಟೈಲರ್ ಅಕ್ಕ ಬಿಚ್ಚಿದರು: ಮನೆ ತೋರಿಸುವ ಹಿಂದಿನ ಸಂಜೆ ತಾರಸಿಗೆ ನೀರು, ರಾತ್ರಿಯೆಲ್ಲ ಕಿಟಕಿ ತೆರೆದು ಗಾಳಿ, ಬೆಳಗಾಗುತ್ತಲೇ ನೆಲ ಒರೆಸಿ ಪ್ರದರ್ಶನ. "ಮೇಲಿನ ಮನೆಗೆ ಬಂದವರು ಯಾರೂ ಎರಡನೇ ಬೇಸಿಗೆ ಕಂಡಿಲ್ಲಮ್ಮ" ಎಂದರು ಅಕ್ಕ.

ಹೆಂಡತಿ ದಡದಡ ಇಳಿದಳು. ಮೆಟ್ಟಿಲ ಕೆಳಗಿನ ಪುಟ್ಟ ರೂಮು ಅವರದು. ಇಡೀ ಕಟ್ಟಡದಲ್ಲಿ ತಂಪಾದ ಜಾಗ ಅದೊಂದೇ.

"ಅಣ್ಣಾ, ನಿಮ್ಮ ತಂಪು ಎಷ್ಟು ಗಂಟೆವರೆಗೆ ಬಾಡಿಗೆಗೆ?"

"ಸುಳ್ಳು ಹೇಳಿದೀನಾ ತಂಗಿ? ಆವತ್ತು ಬೆಳಗ್ಗೆ ತಂಪಿತ್ತೋ ಇಲ್ವೋ?"

"ಇತ್ತು."

"ಆ ತಂಪಿಗೆ ನಾನು ಜವಾಬ್ದಾರಿ."

"ಹಾಗಾದ್ರೆ ನಾವು ಖಾಲಿ ಮಾಡ್ತೀವಿ. ಇಲ್ಲಾ ಎ.ಸಿ. ಹಾಕಿಸ್ತೀವಿ."

ಅಷ್ಟರಲ್ಲಿ ಮನೆ ಓನರಮ್ಮ ಬಂದರು. "ಈ ಹಳೇ ವೈರಿಂಗಿಗೆ ಎ.ಸಿ. ಹಾಕಿದ್ರೆ ಇಡೀ ಕಟ್ಟಡ ಕತ್ತಲೆ" ಎಂದು ನಮಗೆ ಹೇಳಿ, ಅವರ ಕಡೆ ತಿರುಗಿದರು. "ನೋಡಪ್ಪ, ಮೇಲಿನ ಮನೆ ತುಂಬಿರ್ಲಿ ಅಂತ ನಿನಗೆ ಈ ರೂಮು ಪುಕ್ಕಟೆ ಕೊಟ್ಟಿರೋದು. ಇವರು ಹೋದ್ರೆ ಹಿಂದೇನೇ ನೀನೂ ಗಂಟು ಕಟ್ಟು."

ಮರುದಿನ ಬೆಳಕು ಹರಿಯುವ ಮೊದಲೇ ನಮ್ಮ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಅವರು, ಕೈಯಲ್ಲಿ ಸುಣ್ಣದ ಬಕೆಟ್ಟು.

ಅಂದಿನಿಂದ ಒಂದು ಬೆಳಗಿಗೆಂದು ಹೇಳಿದ ಸುಳ್ಳನ್ನು ದಿನಾ ನಿಜ ಮಾಡುವ ಕೂಲಿ ಅವರ ಪಾಲಿಗೆ ಬಂತು. ತಾರಸಿಗೆ ಸುಣ್ಣ ಬಳಿದರು. ಓನರಮ್ಮ ಹತ್ತಿ ಬಂದು, "ಇದೇನಯ್ಯಾ, ಕಟ್ಟಡಕ್ಕೆ ಪೌಡರ್ ಹಚ್ಚಿದ್ದೀಯಾ?" ಎಂದರೆ, "ಬಿಸಿಲಿಗೆ ನಿಂತಿದೆಯಲ್ಲಮ್ಮ" ಎಂದರು. ಮನೆ ತೋರಿಸುವಾಗ ತಾವು ಬೆನ್ನಿಂದ ಮರೆಮಾಡಿದ್ದ ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಾಪೆ ಇಳಿಬಿಟ್ಟರು. ಬಿಸಿಲೇರುವ ಮೊದಲು ಕಿಟಕಿ ಮುಚ್ಚಿಸಲು, ಹೊತ್ತು ಮುಳುಗಿದ ಮೇಲೆ ತೆರೆಸಲು ತಪ್ಪದೆ ಬಂದರು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವರಿಗೆ ಮೈಯೆಲ್ಲ ಉರಿ.

"ಸರ್, ಫ್ಯಾನು ತಂಪು ಮಾಡೋದು ಮನುಷ್ಯರನ್ನ, ಕೋಣೇನಲ್ಲ. ನಿಮ್ಮ ಕುರ್ಚಿಗೇನು ಬೆವರು ಬರುತ್ತಾ?"

"ಫ್ಯಾನ್ ಹಾಕಿದ್ರೆ ನೆಗಡಿ ಅಂತ ಹೇಳ್ತಿದ್ರಿ?" ಎಂದು ಹೆಂಡತಿ ಚುಚ್ಚಿದಳು.

"ಅದು ಮನೆ ತೋರಿಸೋವಾಗಿನ ಮಾತು ತಂಗಿ."

ಬೇಸಿಗೆಯ ನಡು ಬಂದಾಗ ಊರೆಲ್ಲ ಕಾದ ಕಾವಲಿ. ಒಂದು ಮಧ್ಯಾಹ್ನ ಹೆಂಡತಿ ದೊಡ್ಡ ಬ್ಯಾಗು ತುಂಬಿಕೊಂಡು ಕೆಳಗಿಳಿದಳು. ಮಗುವನ್ನೆತ್ತಿಕೊಂಡು ನಾನು ಹಿಂದೆ. ಅವರು ರೂಮಿನ ಹೊಸ್ತಿಲಲ್ಲಿ ಕೂತಿದ್ದವರು ಬ್ಯಾಗು ನೋಡಿ ಎದ್ದು ನಿಂತರು. ತಮ್ಮ ಹಾಸಿಗೆ, ಸ್ಟವ್ವು, ಗೋಡೆಯ ಮೊಳೆಗೆ ನೇತುಹಾಕಿದ ಇನ್ನೊಂದು ಬಿಳಿ ಅಂಗಿಯ ಕಡೆ ಒಮ್ಮೆ ನೋಡಿಕೊಂಡರು.

"ಮುಖಕ್ಕೂ ಸುಣ್ಣ ಬಳ್ಕೊಂಡಿದ್ದೀರಾ ಅಣ್ಣ?" ಎನ್ನುತ್ತ ಅವಳು ಬ್ಯಾಗು ಬಿಚ್ಚಿದಳು. ಒಳಗೆ ಹಳೆಯ ಬೆಡ್‌ಶೀಟುಗಳು. "ಆ ಚಾಪೆ ಸಾಲ್ತಿಲ್ಲ, ಇನ್ನೊಂದು ಪದರ ಕಟ್ಟಿಕೊಡಿ. ಟೈಲರ್ ಅಕ್ಕನ ಹತ್ರ ಹೊಲಿಸೋಕೆ ಹೊರಟೆ. ಕೂಸು ಈಗ ರಾತ್ರಿ ನಿದ್ದೆ ಮಾಡ್ತಿದೆ, ನಾವ್ಯಾಕೆ ಎಲ್ಲಿಗಾದ್ರೂ ಹೋಗೋಣ?"

ಅವರು ಮತ್ತೆ ಹೊಸ್ತಿಲಲ್ಲಿ ಕೂತರು. "ಮೊದಲೇ ಹೇಳಬಾರದಾ ತಂಗಿ" ಎಂದಷ್ಟೇ ಅಂದರು.

ನಮ್ಮ ಕರೆಂಟ್ ಬಿಲ್ಲು ಇಳಿಯಿತು. ಅದನ್ನು ಕೇಳಿದ ಓನರಮ್ಮ, ಇದು ತಂಪು ಮನೆ ಎಂದು ಬಾಡಿಗೆ ಏರಿಸಿದರು. ಬಿಲ್ಲಿನಲ್ಲಿ ಉಳಿದದ್ದು ಬಾಡಿಗೆಗೆ ಹೋಯಿತು; ನಮಗೂ ಓನರಮ್ಮನಿಗೂ ಲೆಕ್ಕ ಸರಿಹೋಯಿತು.

ಈಗ ಅವರು ಬೇಸಿಗೆಗೆ ಮುಂಚೆ ನಮ್ಮ ಬೀದಿಯ ತಾರಸಿಗಳಿಗೆಲ್ಲ ಸುಣ್ಣ ಬಳಿಯುತ್ತಾರೆ. ಮೆಟ್ಟಿಲ ಕೆಳಗಿನ ರೂಮಿನಲ್ಲೇ ಇದ್ದಾರೆ. ಬಾಡಿಗೆ ಮನೆಗಳನ್ನೂ ತೋರಿಸುತ್ತಾರೆ, ಮಧ್ಯಾಹ್ನ ಮೂರು ಗಂಟೆಗೆ.