ಸಮುದ್ರದಲ್ಲಿ ಜಾರಿದ ಶಿವದಾರ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದ ವಾರ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಮದುವೆಯಾದ ಹೊಸದರಲ್ಲಿ ನಾವು ಎಲ್ಲಿಗೂ ಹೋದವರಲ್ಲ. ಕೂಡಲಸಂಗಮಕ್ಕೆ ಹೋಗಿ ಬಂದದ್ದೇ ನಮ್ಮ ಹನಿಮೂನು, ಅದೂ ಮನೆಮಂದಿಯೆಲ್ಲ ತುಂಬಿದ ಟೆಂಪೋದಲ್ಲಿ. ನಮ್ಮವರು ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾರೆ, ವರ್ಷವಿಡೀ ಕಲ್ಲಿನ ಧೂಳಿನಲ್ಲೇ ಇರುವ ಮನುಷ್ಯ. ನಾನು ಮನೆಯಲ್ಲೇ ಕುಪ್ಪಸ ಹೊಲಿಯುತ್ತೇನೆ. ಹೀಗಿರುವಾಗ ಅವರು ಒಂದು ಸಂಜೆ ಚಪ್ಪಲಿ ಬಿಡುತ್ತಲೇ, "ಅಂಡಮಾನಕ್ಕ ಟಿಕೀಟ್ ಮಾಡಿಸೇನಿ" ಎಂದಾಗ ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

"ಖರೆ ಹೇಳ್ತೀರೋ, ಚಾಷ್ಟಿ ಮಾಡ್ತೀರೋ?"

"ಖರೇನ. ಮೂರು ಟಿಕೀಟ್."

"ಮೂರನೇದ್ದು ಯಾರಿಗ್ರಿ?"

"ಅವ್ವಗ. ಅಕಿ ಒಬ್ಬಾಕೀನ ಹೆಂಗ ಬಿಟ್ಟು ಹೋಗೂದು?"

ನಾನು ಮತ್ತೆ ಕತ್ತರಿ ಆಡಿಸತೊಡಗಿದೆ. ಆದರೆ ಅವತ್ತು ರಾತ್ರಿ ಪಾತ್ರೆ ತೊಳೆಯುವ ಸದ್ದು ಓಣಿಗೆಲ್ಲ ಕೇಳಿಸಿರಬೇಕು. ಇಪ್ಪತ್ತೈದು ವರ್ಷದ ಮೇಲೆ ಗಂಡನ ಜೊತೆ ಒಂದು ಸಲ ಹೊರಗೆ ಹೋಗುವುದು, ಅದಕ್ಕೂ ಅತ್ತೆ ಬೆನ್ನಿಗೆ!

ನಮ್ಮ ಅತ್ತೆ ಗಂಗವ್ವ ಅಂದರೆ ಸುಮ್ಮನೆ ಅಲ್ಲ. ಎಪ್ಪತ್ತರ ಹತ್ತಿರ ಬಂದರೂ ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವುದರಲ್ಲಿ ಅವರ ಕೈ ನಮ್ಮ ಓಣಿಯಲ್ಲೇ ಹೆಸರುವಾಸಿ. ಪ್ರವಾಸ ಅಂದದ್ದೇ ತಡ, ಟ್ರಂಕಿನಿಂದ ಕೆಂಪು ಸೆರಗಿನ ಸೀರೆ ತೆಗೆದರು. ಕುತ್ತಿಗೆಯಲ್ಲಿ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆಗೆ ಇದ್ದ ಹಳೇ ನೂಲಿನ ಶಿವದಾರ ಬಿಚ್ಚಿ, ಸೆರಗಿಗೆ ಒಪ್ಪುವ ಹಾಗೆ ಕೆಂಪು ರೇಷ್ಮೆ ಎಳೆಗಳನ್ನು ಹೊಸೆದು ಹೊಸ ದಾರ ಕಟ್ಟಿಕೊಂಡರು. ಕನ್ನಡಿಯ ಮುಂದೆ ನಿಂತು ಎರಡೆರಡು ಸಲ ನೋಡಿಕೊಂಡರು ಕೂಡ.

ವಿಮಾನ ಇಳಿದು, ಹಡಗು ಹತ್ತಿ ನೀಲ್ ಎಂಬ ಸಣ್ಣ ದ್ವೀಪಕ್ಕೆ ಹೋದೆವು. ಅಲ್ಲಿನ ಬಹಳ ಮಂದಿ ಬಂಗಾಳದಿಂದ ಬಂದು ನೆಲೆಸಿದ ರೈತರು. ಸಮುದ್ರದ ದಂಡೆಗೇ ಇದ್ದ ಮನೆಯೊಂದರಲ್ಲಿ ಮಾಲತಿ ದೀದಿ ಎಂಬವರು ನಮಗೆ ಕೋಣೆ ಕೊಟ್ಟಿದ್ದರು. ಅವರದು ಬಂಗಾಳಿ ಹಿಂದಿ, ನಮ್ಮದು ಇಳಕಲ್ ಹಿಂದಿ. ಆದರೂ ಮಾತು ನಿಲ್ಲಲಿಲ್ಲ. ಅವರ ಹಿತ್ತಲಿನ ಬದನೆಕಾಯಿ ಕಂಡು ಅತ್ತೆ ಅಡುಗೆಮನೆಗೇ ನುಗ್ಗಿ ಎಣ್ಣೆಗಾಯಿ ಮಾಡಿದರು. ನಾವು ಕಟ್ಟಿಕೊಂಡು ಹೋಗಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಅದನ್ನು ತಿಂದ ದೀದಿ ಮರುದಿನ ನಮಗಿಂತ ಮೊದಲೇ ರೊಟ್ಟಿ ಗಂಟಿನ ಹತ್ತಿರ ಕೂತಿದ್ದರು.

ಆ ಸುಖ ಏನು ಹೇಳಲಿ! ಕುಕ್ಕರಿನ ಸೀಟಿ ಇಲ್ಲ, "ಅಕ್ಕಾರ, ನನ್ನ ಕುಪ್ಪಸ ಆತೇನ್ರಿ" ಎಂದು ಬಾಗಿಲು ಬಡಿಯುವವರಿಲ್ಲ. ಬೆಳಿಗ್ಗೆ ಎದ್ದರೆ ಬರಿಗಾಲಲ್ಲಿ ತಣ್ಣನೆಯ ಮರಳು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತರೆ ನಮ್ಮ ಪಾದ ನಮಗೇ ಕಾಣುತ್ತದೆ, ಪಾದದ ನಡುವೆ ಹಳದಿ ಪಟ್ಟೆಯ ಮೀನು ಓಡುತ್ತವೆ. ಹಸಿವಾದರೆ ಉಣ್ಣುವುದು, ನಿದ್ದೆ ಬಂದರೆ ಮಲಗುವುದು. ಚಡ್ಡಿ ಹಾಕಿದ ನಮ್ಮವರನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ಹಗಲಿನಲ್ಲಿ ಕಂಡೆ, ನಗು ತಡೆಯಲಾಗಲಿಲ್ಲ. ಎರಡು ತೆಂಗಿನ ಮರಕ್ಕೆ ಬಲೆಯ ಜೋಲಿ ಕಟ್ಟಿದ್ದರು. ಅತ್ತೆ ಮೊದಲು, "ಇದೇನಬೇ, ಮುದುಕ್ಯಾರನ್ನ ತೊಟ್ಲದಾಗ ಹಾಕ್ತೀರೇನು" ಎಂದು ಬೈದರು. ಮಧ್ಯಾಹ್ನ ನೋಡಿದರೆ ಅದೇ ಜೋಲಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಎದ್ದ ಮೇಲೂ ಜಾಗ ಬಿಡಲಿಲ್ಲ. ನನಗೋ ಒಳಗೊಳಗೇ ಸಿಟ್ಟು, ಜೋಲಿಯಲ್ಲಿ ಮಲಗುವ ಆಸೆ ನನಗೂ ಇತ್ತಲ್ಲ!

ಅಲ್ಲಿಂದ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ, ಬರೀ ಒಂದು ಕಪ್ಪು ಚಹಾ ಕುಡಿದು, "ನಾನೂ ಇಳೀತೇನಿ" ಎಂದರು. ಅಲ್ಲಿಯತನಕ ಅವರು ನೀರಂಚಿನಲ್ಲಿ ಕೂತು ಕಾಲು ನೆನೆಸಿದ್ದಷ್ಟೇ.

"ಲಿಂಗಾ ರೂಮಿನ್ಯಾಗ ಇಟ್ಟು ಬರ್ರಲಾ, ಅತ್ಯಾರ" ಎಂದೆ.

ಅತ್ತೆ ನನ್ನನ್ನು ಕಣ್ಣು ಕೆಂಪಗೆ ಮಾಡಿ ನೋಡಿದರು. "ಹೆರಿಗಿ ಆಗೂ ಮುಂದ ಎದಿ ಮ್ಯಾಲಿಂದ ತಗದಿಲ್ಲ, ಸಮುದ್ರ ನೋಡಿ ತಗೀಲೇನು?"

ನಮ್ಮಲ್ಲಿ ಇಷ್ಟಲಿಂಗ ಮೈಯಿಂದ ಅಗಲಬಾರದು ಎಂಬುದನ್ನು ಅತ್ತೆಯಷ್ಟು ಕಟ್ಟುನಿಟ್ಟಾಗಿ ನಡೆಸಿದವರನ್ನು ನಾನು ನೋಡಿಲ್ಲ. ಅದಕ್ಕೆ ಪೂಜೆಯಾಗದೆ ಅವರು ಒಂದು ತುತ್ತು ಉಂಡವರಲ್ಲ.

ಕಚ್ಚೆ ಬಿಗಿದು ಸೊಂಟದ ಮಟ್ಟ ನೀರಿಗೆ ಇಳಿದರು ನೋಡಿ, ಮೊದಲ ತೆರೆಗೇ ಚೀರಿದರು, ಎರಡನೆಯದಕ್ಕೆ ನಕ್ಕರು. ಬಾಯಿ ತುಂಬ ನಗು. ಆ ನಗುವನ್ನು ನಾನು ಅವರ ಮುಖದಲ್ಲಿ ಯಾವತ್ತೂ ನೋಡಿರಲಿಲ್ಲ. "ಬಾರ ಶಕ್ಕವ್ವಾ, ಫುಗಡಿ ಆಡೂಣು!" ಎಂದು ನನ್ನ ಎರಡೂ ಕೈ ಹಿಡಿದರು. ಪಂಚಮಿಯಲ್ಲಿ ಹುಡುಗಿಯರು ಕೈ ಕೈ ಹಿಡಿದು ಗಿರಗಿರ ತಿರುಗುವ ಹಾಗೆ ಅತ್ತೆ ಸೊಸೆ ಇಬ್ಬರೂ ಸಮುದ್ರದಲ್ಲಿ ತಿರುಗಿದೆವು. ಉಪ್ಪುನೀರು ಮೂಗಿಗೆ ಹೋಯಿತು, ಮುಗ್ಗರಿಸಿ ಬಿದ್ದೆವು, ಮತ್ತೆ ಎದ್ದು ತಿರುಗಿದೆವು. ದಂಡೆಯಲ್ಲಿ ನಮ್ಮವರು ಫೋಟೋ ತೆಗೆಯುವುದನ್ನೂ ಮರೆತು ನಗುತ್ತಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಸಾಕಾಗಿ ದಂಡೆಗೆ ಬಂದಾಗ ಅತ್ತೆಯ ಕೈ ರೂಢಿಯಂತೆ ಎದೆಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಕುಪ್ಪಸದೊಳಗೆ ತಡಕಾಡಿದರು, ಸೆರಗು ಝಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು.

"ಶಕ್ಕವ್ವಾ, ಲಿಂಗ ಇಲ್ಲ."

ಕರಡಿಗೆ, ದಾರ, ಎರಡೂ ಇರಲಿಲ್ಲ. ನಾನೂ ನಮ್ಮವರೂ ನೀರಿಗೆ ಓಡಿದೆವು. ಮುಳುಗಿ ಮುಳುಗಿ ತಡಕಿದೆವು. ಕೈಗೆ ಸಿಕ್ಕದ್ದು ಬರೀ ಮರಳು, ಕಪ್ಪೆಚಿಪ್ಪು. ಗಲಾಟೆ ಕೇಳಿ ಬಂದ ಮಾಲತಿ ದೀದಿ, ಈಗ ಹುಡುಕುವುದು ದಂಡ, ಮಧ್ಯಾಹ್ನದ ಮೇಲೆ ಇಳಿತ ಬರುತ್ತದೆ, ನೀರು ದೂರ ಸರಿದು ಬಂಡೆಗಳೆಲ್ಲ ಕಾಣುತ್ತವೆ, ಆಗ ನೋಡೋಣ ಎಂದರು.

ಅತ್ತೆ ಮರದ ನೆರಳಿನಲ್ಲಿ ಕೂತರು. "ಲಿಂಗ ಸಿಗೂತನಕ ನನ್ನ ಬಾಯಾಗ ಒಂದು ಹನಿ ನೀರು ಬೀಳಬಾರದು" ಎಂದುಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಗಿನ ಗುಳಿಗೆ ನುಂಗಿ ಆಗಿತ್ತು, ಹೊಟ್ಟೆಗೆ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ಯವ್ವಾ, ಊರಿಗಿ ಹೋದ ಕೂಡಲೆ ಸ್ವಾಮಿಗಳ ಕಡಿಂದ ಬ್ಯಾರೆ ಲಿಂಗ ಕಟ್ಟಿಸಿಕೊಂಡರಾತು, ಒಂದೀಟು ನೀರು ಕುಡಿ" ಎಂದು ನಮ್ಮವರು ಗೋಗರೆದರು.

"ಬ್ಯಾರೆ ಅವ್ವನ್ನ ತರ್ತೀಯೇನೋ, ಮಲ್ಲ್ಯಾ?" ಎಂದರು ಅತ್ತೆ.

ನಾನು ಅವರ ಪಕ್ಕದಲ್ಲೇ ಕೂತೆ. ಬಿಸಿಲು ಏರುತ್ತಾ ಹೋಯಿತು. ಎದುರಿಗೆ ಅದೇ ಹಸಿರು ನೀಲಿ ನೀರು, ಅದೇ ಚಂದ, ಆದರೆ ನೋಡಲು ಮನಸ್ಸಿಲ್ಲ. ಅತ್ತೆ ತಮ್ಮ ಕೈಯನ್ನೇ ನೋಡುತ್ತಾ ಹೇಳಿದರು: "ರೇಷ್ಮಿ ನೀರುಂಡರ ಗಂಟು ಜಾರತೈತಿ ಅಂತ ನೇಕಾರರ ಮನಿ ಕೂಸಿಗೂ ಗೊತ್ತದ. ಹುಟ್ಟಿದಾಗಿಂದ ಎಳಿ ಕೂಡಿಸಿದಾಕಿ ನಾ, ನನ್ನ ಗಂಟ ಜಾರಿತು. ಸೀರಿಗಿ ಒಪ್ಪಲಿ ಅಂತ ಹಾಕ್ಕೊಂಡೆ. ಈ ವಯಸ್ಸಿನ್ಯಾಗ ಯಾಕ ಬೇಕಿತ್ತು ನನಗ ಶೋಕಿ?"

"ಯಾಕ ಬ್ಯಾಡ್ರಿ? ಶೋಕಿಗಿ ವಯಸ್ಸೈತೇನು?" ಎಂದೆ.

"ನಾ ಬರಬಾರದಿತ್ತು. ನಿನಗ ಮನಸ್ಸಿದ್ದಿಲ್ಲ ಅಂತ ಗೊತ್ತಿತ್ತು. ಪಾತ್ರಿ ಸಪ್ಪಳ ನನಗೂ ಕೇಳಿಸ್ತು. ಆದ್ರ ಸಮುದ್ರ ಅಂತ ಅಂದ್ನಲ್ಲ ಅವ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ, ತಂಗಿ."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು. ಅವರ ಪಾದಕ್ಕೆ ಹತ್ತಿದ್ದ ಮರಳು ಒರೆಸುತ್ತಾ ಕೂತೆ. ಅವರ ಕಾಲು ಸಣ್ಣಗೆ ನಡುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಇವರು ಉಳಿಯುವುದಿಲ್ಲ ಎಂದು ಹೆದರಿಕೆಯಾಯಿತು. ದವಾಖಾನೆಗಾದರೂ ಕರೆದುಕೊಂಡು ಹೋಗೋಣವೆಂದರೆ ಅವರು ಜಾಗ ಬಿಟ್ಟು ಏಳಲು ಒಲ್ಲರು.

ಕಡೆಗೂ ನೀರು ಹಿಂದೆ ಸರಿಯತೊಡಗಿತು. ಬೆಳಿಗ್ಗೆ ನಾವು ಫುಗಡಿ ಆಡಿದ ಜಾಗದಾಚೆ ತೂತುತೂತಾದ ಕಂದು ಬಂಡೆಗಳು ಒಂದೊಂದಾಗಿ ತಲೆ ಎತ್ತಿದವು. ಅವುಗಳ ಗುಂಡಿಗಳಲ್ಲಿ ನೀರು ನಿಂತಿತ್ತು. ನಮ್ಮವರು ಒಂದು ಕಡೆ, ದೀದಿ ಒಂದು ಕಡೆ, ನಾನು ಒಂದು ಕಡೆ ಬಗ್ಗಿ ಹುಡುಕಿದೆವು. ಸುತ್ತಲಿದ್ದ ಪ್ರವಾಸಿಗಳೂ ಏನು ಎತ್ತ ಕೇಳಿಕೊಂಡು ಸೇರಿಕೊಂಡರು. ಸೊಂಟ ಬಿದ್ದು ಹೋಗುವ ಹಾಗಾಯಿತು. ಇನ್ನು ಸಿಗಲಿಕ್ಕಿಲ್ಲ ಎಂದುಕೊಳ್ಳುವಾಗ, ಒಂದು ಗುಂಡಿಯ ತಳದಲ್ಲಿ ಕೆಂಪಗೆ ಏನೋ ಅಲುಗಾಡಿತು. ಯಾವುದೋ ಸಮುದ್ರದ ಹುಳ ಇರಬೇಕು ಎಂದು ಕೈ ಹಿಂದೆ ತೆಗೆದೆ. ಮತ್ತೆ ನೋಡಿದೆ. ರೇಷ್ಮೆ ದಾರ! ಬಂಡೆಯ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಅದರ ತುದಿಗೆ, ಅರ್ಧ ಮರಳಿನಲ್ಲಿ ಹೂತ ಬೆಳ್ಳಿ ಕರಡಿಗೆ. ಹಳೇ ನೂಲಿನ ದಾರವಾಗಿದ್ದರೆ ಆ ಕಂದು ಬಂಡೆಯಲ್ಲಿ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

"ಸಿಕ್ತೂ! ಅತ್ಯಾರ, ಸಿಕ್ತೂ!" ಎಂದು ಚೀರಿಕೊಂಡು ಓಡಿದೆ. ದಾರಿಯಲ್ಲಿ ಬಿದ್ದು ಮೊಣಕಾಲು ಕೆತ್ತಿಹೋಯಿತು, ಕೈ ಮಾತ್ರ ಬಿಡಲಿಲ್ಲ. ಹಿಂದಿನಿಂದ ಭಾಷೆ ಗೊತ್ತಿಲ್ಲದ ಮಂದಿಯೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. ಅತ್ತೆ ಕರಡಿಗೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಮುಚ್ಚಳ ತೆಗೆದರೆ ಲಿಂಗ ಒಳಗೆ ತಣ್ಣಗೆ ಕೂತಿತ್ತು.

"ಯಪ್ಪಾ, ನನಕಿಂತ ಹೆಚ್ಚ ಹೊತ್ತು ಜಳಕ ಮಾಡಿ ಮ್ಯಾಲ ಬಂದೆಲ್ಲೋ" ಎಂದು ಅತ್ತೆ ಅಳುತ್ತಾ ನಕ್ಕರು.

ದೀದಿ ಆಗಲೇ ಎಳನೀರು ಕೊಚ್ಚಿ ತಂದಿದ್ದರು. ಅತ್ತೆ ಅಲ್ಲೇ ಮರಳಿನ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಅದೇ ಎಳನೀರಿನಿಂದ ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡಿದರು. ಅಂಗೈಯಲ್ಲಿ ನಿಂತ ನೀರೇ ತೀರ್ಥ. ಅದನ್ನು ಬಾಯಿಯ ತನಕ ಒಯ್ದವರು ತಟ್ಟನೆ ನಿಂತರು. ಕೈಯನ್ನು ನನ್ನ ತುಟಿಯ ಹತ್ತಿರ ತಂದರು.

"ಮದಲ ನೀ ಕುಡಿ."

"ನನಗೇನಾಗೇತ್ರಿ? ನೀವು ಕುಡೀರಿ."

"ಸುಳ್ಳ ಹೇಳಬ್ಯಾಡ. ಮುಂಜಾನಿಂದ ನಿನ್ನ ತುಟಿ ನೋಡಾಕತ್ತೇನಿ, ಒಣಗಿ ಹಕ್ಕಳಿ ಎದ್ದಾವ. ನೀನೂ ಹನಿ ನೀರು ಮುಟ್ಟಿಲ್ಲ."

ಹೌದು, ಮುಟ್ಟಿರಲಿಲ್ಲ. ವ್ರತ ಅಂತೇನಲ್ಲ. ಪಕ್ಕದಲ್ಲಿ ಅವರು ಹಾಗೆ ಕೂತಿರುವಾಗ ನನ್ನ ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ, ಅಷ್ಟೆ. ಯಾರಿಗೂ ಹೇಳಿರಲಿಲ್ಲ. ಎರಡು ಎಳನೀರು ಕುಡಿದು ಮುಗಿಸಿದ್ದ ನಮ್ಮವರಿಗಂತೂ ಗೊತ್ತೇ ಆಗಿರಲಿಲ್ಲ.

ಕುಡಿದೆ. ಕುಡಿಯುತ್ತಲೇ ಅಳು ಬಂತು. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, "ಸಾಕು ಮಾಡ, ಇಲ್ಲೇನು ಉಪ್ಪುನೀರಿಗಿ ಬರಾನಾ?" ಎಂದು ಗದರಿ, ಆಮೇಲೆ ತಾವು ಕುಡಿದರು.

ಈಗಲೂ ಯಾರಾದರೂ ಅಂಡಮಾನಿನಲ್ಲಿ ಏನು ಚಂದ ಎಂದು ಕೇಳಿದರೆ, ಮರಳು, ಮೀನು, ಮಧ್ಯಾಹ್ನದ ನಿದ್ದೆ ಎಂದೆಲ್ಲ ಹೇಳುತ್ತೇನೆ. ಅದೆಲ್ಲ ಖರೆಯೇ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ಒಂದು ಗುಟುಕು. ನಮ್ಮ ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಣ್ಣುವವಳು ಸೊಸೆ. ಕಾಲಿಟ್ಟ ದಿನದಿಂದ ಅದೇ ರೀತಿ, ನಾನೂ ಅದನ್ನು ಕೇಳಿದವಳಲ್ಲ. ಜೀವ ಹೋಗುವಷ್ಟು ಬಾಯಾರಿದ್ದ ನಮ್ಮ ಅತ್ತೆ ಅವತ್ತು ತಮಗಿಂತ ಮೊದಲು ನನಗೆ ಕುಡಿಸಿದರು.