ಯಜ್ಞನ ಎಂಟು ಹೆಜ್ಜೆ

ರಬಾಳೆಯ ಕಂಪನಿಯಲ್ಲಿ ಪುಂಡರೀಕಾಕ್ಷನದು ಟ್ರೇಸರ್ ಕೆಲಸ. ಬೇರೆಯವರು ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವುದು. ಹದಿನೆಂಟು ವರ್ಷಗಳಲ್ಲಿ ಅವನು ಸ್ವಂತ ಬುದ್ಧಿಯಿಂದ ಎಳೆದ ಗೆರೆಯೆಂದರೆ ಹಾಜರಿ ಪುಸ್ತಕದ ಸಹಿ ಮಾತ್ರ. ಇಂಥವನು ೧೯೯೭ರಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೊಂಡು, ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ವಿಡಿಯೋ ಆಟ ಕಟ್ಟಲು ಕೂತ.

ಆಟದ ಕಲ್ಪನೆ ತಮ್ಮ ಯಜ್ಞೇಶ್ವರನದು. ಅವನು ದಿವಾದ ಹೋಟೆಲೊಂದರಲ್ಲಿ ಕ್ಯಾಶಿಯರ್. ದಿನಾ ಸಂಜೆ ಮನೆಗೆ ಬರಲು ನಾಲ್ಕು ರೈಲು ಹಳಿ ದಾಟಿ ಪ್ಲಾಟ್‌ಫಾರ್ಮ್ ಹತ್ತಿ ಲೋಕಲ್ ಹಿಡಿಯಬೇಕು. "ನನ್ನ ಈ ಸರ್ಕಸ್ಸನ್ನೇ ಆಟ ಮಾಡು ಅಣ್ಣ, ಟಿಕೆಟ್ ಇಟ್ರೂ ಜನ ಬರ್ತಾರೆ" ಅಂದಿದ್ದ.

ಕಂಪ್ಯೂಟರ್ ಮಾರಿದ ತಾರಾನಾಥ ಒಂದು ಫ್ಲಾಪಿಯನ್ನೂ ಕೊಟ್ಟಿದ್ದ. ಅವನ ಅಂಗಡಿಯಲ್ಲಿ ಕಂಪ್ಯೂಟರೂ ಸಿಗುತ್ತಿತ್ತು, ಸಲಹೆಯೂ ಸಿಗುತ್ತಿತ್ತು; ಗ್ಯಾರಂಟಿ ಯಾವುದಕ್ಕೂ ಇರಲಿಲ್ಲ. ಫ್ಲಾಪಿಯ ತುಂಬ ಯಾರೋ ಬರೆದಿಟ್ಟ ಸಿದ್ಧ ಗೊಂಬೆಗಳು: ಸೈನಿಕ, ಮಂತ್ರವಾದಿ, ಕತ್ತಿ ಹಿಡಿದ ರಾಜಕುಮಾರಿ. ಪ್ರತಿಯೊಬ್ಬರಿಗೂ ನಡೆಯುವ ಎಂಟು ಚಿತ್ರ, ಸಾಯುವ ಆರು ಚಿತ್ರ. ಹೀಗೆ ಮೊದಮೊದಲು ಆಟದಲ್ಲಿ ದಿವಾದ ಹಳಿ ದಾಟಿದವನು ಕೋವಿ ಹಿಡಿದ ಸೈನಿಕ. ಯಜ್ಞ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಇವನು ಪಾಸ್ ಎಲ್ಲಿ ಇಟ್ಟಿದ್ದಾನೆ ಮಾರಾಯ? ಟಿಸಿ ಬಿಡ್ತಾನಾ ಇವನನ್ನು?"

ಆಗಸ್ಟಿನಲ್ಲಿ ಯಜ್ಞ ಅದೇ ಹಳಿಯ ಮೇಲೆ ಸತ್ತ. ತನ್ನ ಲೋಕಲ್ ಬರುವ ಮುಂಬ್ರಾ ಕಡೆಗಷ್ಟೇ ನೋಡುವುದು ಅವನ ಅಭ್ಯಾಸ. ಮೇಲ್ ಗಾಡಿ ಎದುರು ದಿಕ್ಕಿನಿಂದ, ಡೊಂಬಿವಲಿ ಕಡೆಯಿಂದ ಬಂತು. ಆಸ್ಪತ್ರೆಯಲ್ಲಿ ಪುಂಡರೀಕಾಕ್ಷ ಗುರುತು ಹಿಡಿದದ್ದು ಅಂಗಿಯ ಜೇಬಿನಲ್ಲಿದ್ದ ಪಾಸಿನಿಂದ.

ಮನೆಯಲ್ಲಿ ಉಳಿದವರು ಮದುವೆಯಾಗದ ಪುಂಡರೀಕಾಕ್ಷ ಮತ್ತು ತಮ್ಮನ ಹೆಂಡತಿ ಜಯಲತಾ. ನೆರೆಯವರ ಬಾಯಿಗೆ ಸರಕಾಗುವುದು ಬೇಡವೆಂದು, ದೀಪಾವಳಿ ಕಳೆದ ಮೇಲೆ ಅವಳ ಅಣ್ಣ ಬಂದು ಊರಿಗೆ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಯಜ್ಞನ ಫೋಟೋ ಇದ್ದದ್ದು ಎರಡು, ಮದುವೆಯದು ಮತ್ತು ಪಾಸಿನದು. ಎರಡರಲ್ಲೂ ಅವನು ಕಂಬದ ಹಾಗೆ ಬಿಗಿದುಕೊಂಡಿದ್ದ. ಅವನ ನಡಿಗೆ ಮಾತ್ರ ಎಲ್ಲಿಯೂ ಇರಲಿಲ್ಲ.

ಪುಂಡರೀಕಾಕ್ಷ ಸೈನಿಕನನ್ನು ತೆಗೆದುಹಾಕಿ ಗ್ರಾಫ್ ಕಾಗದ ಬಿಡಿಸಿದ. ಮೂವತ್ತೆರಡು ಚೌಕ ಎತ್ತರದ ಆಳು. ಎಡಗೈಯಲ್ಲಿ ಚೀಲ, ಬಲಗೈ ಪಾಸಿನ ಜೇಬಿನ ಮೇಲೆ, ಎಡಭುಜ ಒಂದು ಚೌಕ ಕೆಳಗೆ. ಹಳಿಯಂಚಿಗೆ ಬಂದರೆ ನಿಂತು ಮುಂಬ್ರಾ ಕಡೆಗೆ ಒಂದು ನೋಟ. ಈ ಸಲ ಗೆರೆ ಎಳೆಯಲು ಕೆಳಗೆ ಯಾರ ನಕ್ಷೆಯೂ ಇರಲಿಲ್ಲ. ಎಂಟು ಹೆಜ್ಜೆಗೆ ಐದು ವಾರ ಹಿಡಿಯಿತು.

ಗೊಂಬೆ ನಡೆದ ದಿನ ಜಯಲತಾ ಒದ್ದೆ ಕೈಯಲ್ಲೇ ಒಲೆಯ ಬಳಿಯಿಂದ ಬಂದು ನಿಂತಳು.

"ಬಲಗಾಲಿನ ಚಪ್ಪಲಿ ಎಳೀತಿದ್ರು ಭಾವ," ಅಂದಳು.

ಅವನು ಒಂದು ಚುಕ್ಕಿ ಸರಿಸಿದ.

"ಈಗ ಅವರೇ."

ದೀಪಾವಳಿ ರಜೆಯಲ್ಲಿ ಶಾಲೆಯ ಹಾಲಿನಲ್ಲಿ ತಾರಾನಾಥನ ಕಂಪ್ಯೂಟರ್ ಪ್ರದರ್ಶನ. ಅದರಲ್ಲಿ ಇಡಲೆಂದು ಆಟವನ್ನು ಮೊದಲೇ ನೋಡಲು ಮನೆಗೆ ಬಂದ ಅವನು ಬೇಕೆಂದೇ ಗೊಂಬೆಯನ್ನು ಗಾಡಿಯ ಕೆಳಗೆ ನುಗ್ಗಿಸಿದ. ಗಾಡಿ ಹಾದುಹೋಯಿತು, ಗೊಂಬೆ ಹಾಗೆಯೇ ನಿಂತಿತ್ತು.

"ಇದೆಂತ ಮಾರಾಯ, ಇವನು ಸಾಯುದೇ ಇಲ್ವಾ?"

"ಸಾಯುವ ಚಿತ್ರ ಬರೆದಿಲ್ಲ."

"ಸಾಯದಿದ್ರೆ ಮಕ್ಕಳು ಆಡುದು ಎಂತದು? ಸೈನಿಕನ ಸಾವು ಉಂಟಲ್ಲ, ಅದನ್ನೇ ಅಂಟಿಸು. ಸಿದ್ಧ ಸರಕು ಇರುವಾಗ ಮೈ ನೋಯಿಸಿಕೊಳ್ಳುದು ಯಾಕೆ?" ಗೊಂಬೆ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಕೇಳುವ ಅಭ್ಯಾಸವೂ ಇರಲಿಲ್ಲ.

ಸಾವು ಹೇಗಿರುತ್ತದೆಂದು ಪುಂಡರೀಕಾಕ್ಷನಿಗೆ ಆಸ್ಪತ್ರೆಯಿಂದ ಗೊತ್ತಿತ್ತು. ಅದನ್ನು ಚೌಕದೊಳಗೆ ಬರೆಯಲು ಕೈ ಬರಲಿಲ್ಲ. ಸೈನಿಕನ ಆರು ಚಿತ್ರಗಳನ್ನೇ ಅಂಟಿಸಿದ. ಗಾಡಿ ತಾಗಿದೊಡನೆ ಯಜ್ಞ ಹಳದಿ ಕೂದಲಿನ ಸೈನಿಕನಾಗಿ, ಕೋವಿ ಕೈಬಿಟ್ಟು, ನಾಜೂಕಾಗಿ ಮಲಗಿ, ಮೂರು ಸಲ ಮಿಣುಕಿ ಮಾಯವಾದ. ಮರುಗಳಿಗೆ ಮತ್ತೆ ಯಜ್ಞನಾಗಿ ಹಳಿಯಂಚಿನಲ್ಲಿ ಪ್ರತ್ಯಕ್ಷ.

ಹಿಂದೆ ಜಯಲತಾ ನಿಂತಿದ್ದಳು.

"ಭಾವ, ಸಾವು ಬೇರೆಯವರದ್ದು ತಂದಿರಿ. ಹಾಗಾದ್ರೆ ಇನ್ನೊಂದು ಮಾಡ್ಲಿಕ್ಕೆ ಆಗುದಿಲ್ವಾ? ಆಚೆ ಕಡೆಗೂ ಒಮ್ಮೆ ನೋಡುವ ಹಾಗೆ ಮಾಡಿ ಇವರನ್ನು."

ತಲೆ ತಿರುಗಿಸಲು ಬೇಕಾದದ್ದು ಮೂರೇ ಚುಕ್ಕಿ. ಎರಡು ನಿಮಿಷದ ಕೆಲಸ. ಯಜ್ಞ ಹಳಿಯಂಚಿಗೆ ಬಂದ, ಮುಂಬ್ರಾ ಕಡೆ ನೋಡಿದ, ಡೊಂಬಿವಲಿ ಕಡೆ ನೋಡಿದ, ಮೇಲ್ ಗಾಡಿ ಹೋಗುವವರೆಗೆ ತಡೆದು ಪ್ಲಾಟ್‌ಫಾರ್ಮ್ ಹತ್ತಿದ.

ಜಯಲತಾ ಮತ್ತೊಮ್ಮೆ ನಡೆಸಲು ಹೇಳಿದಳು. ಮತ್ತೂ ಒಮ್ಮೆ.

"ಇದು ಅವರಲ್ಲ ಭಾವ," ಅಂದಳು ಕೊನೆಗೆ. "ಆಚೆ ನೋಡುವವರು ಬೇರೆ ಯಾರೋ."

ಪುಂಡರೀಕಾಕ್ಷ ಮೂರು ಚುಕ್ಕಿಗಳನ್ನು ಹಿಂದಕ್ಕೆ ಇಟ್ಟ.

"ಹಳಿ ತೆಗೀರಿ ಹಾಗಾದ್ರೆ," ಅಂದಳು.

ಪ್ರದರ್ಶನಕ್ಕೆ ಯಜ್ಞನ ಬದಲು ಮೊದಲಿನ ಸೈನಿಕನೇ ಹೋದ. ಮಕ್ಕಳು ಸಾಲು ನಿಂತು ಅವನನ್ನು ದಿವಾದಲ್ಲಿ ಕೊಂದರು. ತಾರಾನಾಥ ಬಹಳ ಖುಷಿಪಟ್ಟ.

ಮನೆಯ ಯಂತ್ರದಲ್ಲಿ ಹಳಿಯಿಲ್ಲ, ಗಾಡಿಯಿಲ್ಲ, ಸ್ಟೇಶನ್ನಿಲ್ಲ. ಕಪ್ಪು ಪರದೆಯ ಎಡಗಡೆಯಿಂದ ಯಜ್ಞ ಬರುತ್ತಿದ್ದ, ನಡುವೆ ನಿಂತು ಒಂದೇ ಕಡೆ ನೋಡುತ್ತಿದ್ದ, ಚಪ್ಪಲಿ ಎಳೆದುಕೊಂಡು ಬಲಗಡೆ ಮರೆಯಾಗುತ್ತಿದ್ದ. ಜಯಲತಾ ದಿನಾ ಸಂಜೆ ಚಹಾ ಲೋಟ ಹಿಡಿದು ಅದರೆದುರು ಕೂರುತ್ತಿದ್ದಳು. ಅಣ್ಣ ಬರುವ ಹಿಂದಿನ ದಿನ, ಟ್ರಂಕು ಕಟ್ಟಿಟ್ಟು ಬಂದು ಕೂತವಳು ಚಹಾ ಕುಡಿಯಲಿಲ್ಲ.

"ಹೀಗೆ ನಡೆದು ನಡೆದು ಇವರು ಮನೆಗೆ ಮುಟ್ಟುದು ಯಾವಾಗ ಭಾವ?"

ಪುಂಡರೀಕಾಕ್ಷ ಬರೆದದ್ದು ನಡಿಗೆಯನ್ನಷ್ಟೇ, ಮನೆಯನ್ನು ಬರೆದಿರಲಿಲ್ಲ. ಯಜ್ಞ ಎಡಗಡೆಯಿಂದ ಮತ್ತೆ ಬಂದ.