ಅಜ್ಜನ ಕಾಲದ ಡಾಜ್

ಇವತ್ತಿಗೂ ನೆನಸಿಕೊಂಡ್ರ ಮೈ ಉರೀತೈತಿ. ಹಳೇ ಅಮೇರಿಕನ್ ಕಾರು ತಗೊಂಡ್ರ ದಿನಾ ಓಡಿಸಬೇಕು, ಒರಿಸಿ ನಿಲ್ಲಿಸಾಕಲ್ಲ ಅನ್ನೋದು ನನ್ನ ಹಟ. ಅದಕ್ಕ ಹೊಳಪು ನೋಡಲಿಲ್ಲ. ಬಿಡಿ ಸಾಮಾನು ಸಿಗ್ತಾವೇನು, ನಮ್ಮ ರೋಣದ ರಸ್ತಾದಾಗ ತಳಾ ಬಡೀತೈತೇನು ಅಂತ ನೋಡಿದೆ. ಗಜೇಂದ್ರಗಡದ ಅರಿವಿ ವ್ಯಾಪಾರಿ ಒಬ್ಬರ ಮನ್ಯಾಗ ಮಾರಾಕಿಟ್ಟಿದ್ದ ಅವರಜ್ಜನ ಕಾಲದ ಡಾಜ್ ಕಾರು ಎಲ್ಲಾದರಾಗೂ ಪಾಸಾತು.

ಆಮ್ಯಾಲೆ ಆ ಸಾಹುಕಾರರು ನನ್ನ ಪರೀಕ್ಷಾ ಶುರು ಮಾಡಿದ್ರು. "ಗೇರು ಸ್ಟೇರಿಂಗಿಗೆ ಐತಿ, ರೂಢಿ ಐತೇನ್ರಿ? ಸಣ್ಣ ಓಣ್ಯಾಗ ತಿರುಗಿಸ್ತೀರಿ? ಭಾಳ ಮೆಲ್ಲಕ ಓಡಿಸಾಕ ಬರತೈತಿ? ಕುಡಿಯೂದಿಲ್ಲಲ್ಲ?"

ಅವರಿಗೆ ಹಳೇ ಗಾಡಿ ಮ್ಯಾಗ ಭಾಳ ಜೀವಾ ಅನ್ಕೊಂಡು ಎಲ್ಲಾಕ್ಕೂ ಚಲೋತ್ನಂಗ ಉತ್ತರಾ ಕೊಟ್ಟೆ. ಅವರು ಖುಷಿಯಾಗಿ ಕೀಲಿಕೈ ಕೈಯಾಗಿಟ್ರು.

"ಒಂದ ಮಾತು ರೀ. ನಮ್ಮ ಮನಿತನದ ಮದಿವಿಗೆಲ್ಲಾ ಮದುಮಗ ಇದರಾಗ ಬರಬೇಕು. ಫೋನ್ ಮಾಡ್ತೀವಿ, ನೀವ ತಗೊಂಡು ಬರ್ರಿ."

"ಗಾಡಿ ನಂದಾದ ಮ್ಯಾಲೂ?"

"ಗಾಡಿ ನಿಮ್ಮದರಿ, ರಿಪೇರಿ ನಿಮ್ಮದು, ಪೆಟ್ರೋಲೂ ನಿಮ್ಮದು. ಊಟ ಮಾತ್ರ ನಮ್ಮದು. ಬರುವಾಗ ಬಿಳೇ ಅಂಗಿ ಹಾಕ್ಕೊಂಡ ಬರ್ರಿ."

ಕೀಲಿಕೈ ಅಲ್ಲೇ ಒಗದು ಬಸ್‌ಸ್ಟ್ಯಾಂಡ್ ಹಾದಿ ಹಿಡದೆ. ನಾ ಕಾರು ಆರಿಸಾಕ ಹೋಗಿದ್ದೆ. ಆ ಮನುಷ್ಯಾ ಅಷ್ಟೊತ್ತೂ ಡ್ರೈವರನ್ನ ಆರಿಸಾಕತ್ತಿದ್ದ.